ಮೊಮ್ಮಗಳ ಯಹೂದಿ ನಾಮಕರಣದಲ್ಲಿ ಮೈಸೂರಿನ ಅಜ್ಜಿಗೆ ಏನು ಕೆಲಸ?

ಕುವೆಂಪುನಗರದ ಅಜ್ಜಿ ಕೇಳಿದ್ದಾರೆ:

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು. ಹೈಸ್ಕೂಲಿನಲ್ಲಿ 31 ವರ್ಷ ಗಣಿತ ಹೇಳಿಕೊಟ್ಟು ರಿಟೈರ್ ಆದೆ. ಈಗ ಮಗಳ ಬಾಣಂತನಕ್ಕೆ ನ್ಯೂಜೆರ್ಸಿಯ ಹೈಲ್ಯಾಂಡ್ ಪಾರ್ಕ್‌ಗೆ ಬಂದಿದ್ದೇನೆ. ಹೆಣ್ಣು ಕೂಸು, ಇವತ್ತಿಗೆ 19 ದಿನ. ತಾಯಿ ಮಗು ಇಬ್ಬರೂ ಆರಾಮ. ಎಣ್ಣೆನೀರು, ಮೆಂತ್ಯದ ಹಿಟ್ಟು, ಬೆಳ್ಳುಳ್ಳಿ ಒಗ್ಗರಣೆ ಎಲ್ಲ ನಡೆಯುತ್ತಿದೆ. ಸಾಂಬ್ರಾಣಿ ಮಾತ್ರ ಒಂದೇ ದಿನಕ್ಕೆ ನಿಂತಿತು. ಸ್ಮೋಕ್ ಅಲಾರಂ ಬಡಿದುಕೊಂಡು, ಅಳಿಯ ಕುರ್ಚಿ ಹತ್ತಿ ಟವೆಲ್ ಬೀಸಿದ್ದೇ ಬೀಸಿದ್ದು.

ಅಳಿಯ ಯಹೂದಿ. ಮದುವೆಯಾಗಿ ಆರು ವರ್ಷ ಆಯಿತು, ಒಳ್ಳೆ ಹುಡುಗ, ನನ್ನ ಕೈಯ ಹುಳಿ ಅಂದರೆ ಪ್ರಾಣ. ಮಗಳು ಮತ ಬದಲಾಯಿಸಿಲ್ಲ. ಮಗುವನ್ನು ಯಹೂದಿಯಾಗಿ ಬೆಳೆಸೋದು ಅಂತ ಇಬ್ಬರೂ ಮೊದಲೇ ಮಾತಾಡಿಕೊಂಡಿದ್ದಾರೆ. ನನಗೆ ಅದರಲ್ಲಿ ತಕರಾರಿಲ್ಲ. ಇದ್ದರೂ ಕೇಳುವವರು ಯಾರು!

ಬರುವ ಭಾನುವಾರ ಬಿಟ್ಟು ಅದರ ಮುಂದಿನ ಭಾನುವಾರ ಮನೆಯಲ್ಲೇ ಹೆಸರಿಡುವ ಶಾಸ್ತ್ರ. ಅದಕ್ಕೆ ಸಿಮ್ಖಾತ್ ಬಾತ್ ಅಂತಾರಂತೆ. ನನಗೆ ಬಿಸಿಬೇಳೆಬಾತ್ ಗೊತ್ತು, ವಾಂಗೀಬಾತ್ ಗೊತ್ತು, ಇದ್ಯಾವ ಬಾತ್ ಅಂದೆ. ಸಿಮ್ಖಾ ಅಂದರೆ ಸಂತೋಷ, ಬಾತ್ ಅಂದರೆ ಮಗಳು ಅಂತ ಅಳಿಯ ಹೇಳಿದ. ಬರುವವರು 35 ಜನ. ನೆಂಟರು ಕಡಿಮೆ, ಅವರಿಬ್ಬರ ಸ್ನೇಹಿತರೇ ಜಾಸ್ತಿ. ಅದೂ ನನಗೆ ಹೊಸದು. ನಮ್ಮಲ್ಲಿ ನಾಮಕರಣಕ್ಕೆ ಸ್ನೇಹಿತರು ಬಂದು ಊಟ ಮಾಡಿ ಹೋಗುತ್ತಾರೆ ಅಷ್ಟೆ. ಇಲ್ಲಿ ಅವರಿಗೇ ಒಬ್ಬೊಬ್ಬರಿಗೂ ಒಂದೊಂದು ಕೆಲಸ ಹಂಚುತ್ತಿದ್ದಾರೆ.

ಈಗ ವಿಷಯಕ್ಕೆ ಬರುತ್ತೇನೆ. ಮೊನ್ನೆ ಬೀಗಿತ್ತಿ ಬಂದಿದ್ದರು. ಕಾಫಿ ಕುಡಿಯುತ್ತಾ ಕೂತಿದ್ದೆವು. ಮಾತಿಗೆ ಮಾತು ಬಂತು ಅಂತ ನಾನು, "ಇಬ್ಬರು ಅಜ್ಜಿಯರಿದ್ದೇವೆ, ನಮ್ಮಿಬ್ಬರ ಹೆಸರೂ ಸೇರಿಸಿ ಇಟ್ಟುಬಿಡಲಿ" ಅಂದೆ. ತಮಾಷೆಗೇ ಅಂದಿದ್ದು. ಆ ಯಮ್ಮನ ಮುಖ ಬಿಳಿಚಿಕೊಂಡಿತು. ಕಪ್ಪು ಕೆಳಗಿಟ್ಟರು. ಮೂರು ಸಲ ಏನೋ ಗೊಣಗಿ, "ನಾನಿನ್ನೂ ಬದುಕಿದ್ದೇನಲ್ಲ" ಅಂದರು. ಆಮೇಲೆ ಹವಾಮಾನದ ಮಾತಾಡಿ ಎದ್ದು ಹೋದರು. ಮಗಳನ್ನು ಕೇಳಿದರೆ, "ಅಮ್ಮಾ, ಅದನ್ನ ಮಾತ್ರ ಹೇಳಬಾರದಿತ್ತು" ಅಂತ ನಕ್ಕು ಹಾಲು ಕುಡಿಸೋಕೆ ಹೋದಳು. ವಿವರ ಹೇಳುವಷ್ಟು ಪುರುಸೊತ್ತು ಬಾಣಂತಿಗೆ ಎಲ್ಲಿದೆ?

ನನ್ನ ಪ್ರಶ್ನೆಗಳು. ನಾನು ಮಾಡಿದ ತಪ್ಪು ಏನು? ಅವತ್ತು ನಾನು ಏನು ಮಾಡಬಹುದು, ಏನು ಮಾಡಬಾರದು? ಮೈಸೂರು ಪಾಕ್ ಮಾಡಿದರೆ ತಿನ್ನುತ್ತಾರಾ? ಅಳಿಯನ ದೊಡ್ಡಮ್ಮ ಒಬ್ಬರಿದ್ದಾರೆ, ಬಲು ಮಡಿ, ಕೋಷರ್, ಅಂದರೆ ಅವರ ಧರ್ಮದ ನಿಯಮದಂತೆ ಮಾಡಿದ ಊಟ, ಅದು ಬಿಟ್ಟು ಏನೂ ಮುಟ್ಟುವುದಿಲ್ಲವಂತೆ. ದುಡ್ಡು ಕೊಡಬಹುದಾ, ಎಷ್ಟು? ಇನ್ನೊಂದು, ತಾಯಿ ಯಹೂದಿ ಅಲ್ಲದಿದ್ದರೆ ಮಗುವೂ ಅಲ್ಲ ಅಂತ ಎಲ್ಲೋ ಓದಿದೆ. ಹಾಗಿದ್ದರೆ ಈ ಶಾಸ್ತ್ರ ಮಾಡಿಸುವವರು ಯಾರು?

ಹೆಸರು ಏನು ಅಂತ ಕೇಳಬೇಡಿ, ನಮಗೂ ಹೇಳಿಲ್ಲ. ಅವತ್ತೇ ಹೇಳೋದಂತೆ. ಮೊನ್ನೆ ಮಾತ್ರ ಮಗಳು ಸುಮ್ನೆ ಕೇಳಿದಳು, "ಅಮ್ಮಾ, ಅಜ್ಜಿ ಹೆಸರಿನ ಮೊದಲಕ್ಷರ ಶ-ನಾ ಸ-ನಾ?" ಅಂತ. ಯಾಕೆ ಅಂದರೆ ಉತ್ತರ ಇಲ್ಲ.

ಧಾರವಾಡ ಪೇಡೆ:

ಅಕ್ಕಾರ, ಮೊದಲು ಅಭಿನಂದನೆ. ನಾನೂ ನಿಮ್ಮ ಮಗಳ ಜಾತಿಯವಳೇ. ಧಾರವಾಡದ ಹುಡುಗಿ, ಯಹೂದಿ ಗಂಡ, ಬಾಸ್ಟನ್ ಪಕ್ಕದ ಬ್ರೂಕ್‌ಲೈನ್‌ನಲ್ಲಿ ಮನೆ, ಇಬ್ಬರು ಹೆಣ್ಣುಮಕ್ಕಳು. ಹಂಗಾಗಿ ಎರಡು ಸಲ ಇದನ್ನು ಮಾಡಿ ಮುಗಿಸಿದ್ದೇನೆ. ನಿಮ್ಮ ಬೀಗಿತ್ತಿಯ ಮುಖ ನನಗೆ ಇಲ್ಲಿಂದಲೇ ಕಾಣುತ್ತಿದೆ!

ಅವರು ಅಷ್ಕೆನಾಜಿ ಇರಬೇಕು, ಅಂದರೆ ಜರ್ಮನಿ, ಪೋಲೆಂಡ್, ರಷ್ಯಾ ಕಡೆಯಿಂದ ಬಂದ ಯಹೂದಿಗಳು. ಅವರಲ್ಲಿ ಬದುಕಿರುವವರ ಹೆಸರನ್ನು ಮಗುವಿಗೆ ಇಡುವುದಿಲ್ಲ. ತೀರಿಹೋದವರ ಹೆಸರೇ ಇಡುವುದು. ಅಜ್ಜಿ ಕಣ್ಮುಂದೆ ಕೂತಿರುವಾಗ ಅವಳ ಹೆಸರನ್ನು ಕೂಸಿಗೆ ಇಟ್ಟರೆ, ಅಜ್ಜಿ ಯಾವಾಗ ಜಾಗ ಖಾಲಿ ಮಾಡುತ್ತಾಳೆ ಅಂತ ಕೇಳಿದ ಹಾಗೆ. ನೀವು ಪ್ರೀತಿಯಿಂದ ಅಂದಿರಿ, ಅವರಿಗೆ ಅದು ಯಮನಿಗೆ ವಿಳಾಸ ಕೊಟ್ಟಂತೆ ಕೇಳಿಸಿತು. ಅವರು ಗೊಣಗಿದ್ದು ದೃಷ್ಟಿ ತೆಗೆಯುವ ಮಾತು. ನಾವು ಥೂ ಥೂ ಅನ್ನುತ್ತೇವಲ್ಲ, ಅದೇ. ಇದೇ ಯಹೂದಿಗಳಲ್ಲಿ ಸೆಫಾರ್ದಿ ಅಂತ ಇನ್ನೊಂದು ಕಡೆಯವರಿದ್ದಾರೆ. ಅವರಲ್ಲಿ ಬದುಕಿರುವ ಅಜ್ಜ ಅಜ್ಜಿಯ ಹೆಸರಿಡುವುದೇ ಗೌರವ. ನೀವು ತಪ್ಪು ಮನೆಯಲ್ಲಿ ಸರಿ ಮಾತಾಡಿದ್ದೀರಿ, ಅಷ್ಟೆ.

ಒಂದು ಫೋನ್ ಮಾಡಿ, "ನಮ್ಮಲ್ಲಿ ಇದು ಆಯಸ್ಸು ಹಾರೈಸುವ ಮಾತು" ಅಂತ ಹೇಳಿಬಿಡಿ. ನನ್ನ ಅತ್ತೆಗೆ ನಮ್ಮಮ್ಮ ಹಾಗೇ ಹೇಳಿದಳು. ಈಗ ಇಬ್ಬರೂ ವಾಟ್ಸಾಪ್‌ನಲ್ಲಿ ಒಬ್ಬರಿಗೊಬ್ಬರು ಹೂವಿನ ಚಿತ್ರ ಕಳಿಸುತ್ತಾರೆ.

ಇನ್ನು ಶಾಸ್ತ್ರ. ಗಂಡುಮಗುವಿಗೆ ಎಂಟನೇ ದಿನ ಸುನ್ನತಿ, ಅವತ್ತೇ ಹೆಸರು. ಅದಕ್ಕೆ ಸಾವಿರಾರು ವರ್ಷದ ಕಟ್ಟುಪಾಡು. ಹೆಣ್ಣುಮಗುವಿಗೆ ಇಂಥದೇ ದಿನ ಅಂತಿಲ್ಲ. ಹಿಂದೆ ಏನು ಮಾಡುತ್ತಿದ್ದರು ಗೊತ್ತಾ? ಅವರ ಪ್ರಾರ್ಥನಾ ಮಂದಿರವಾದ ಸಿನಗಾಗ್‌ನಲ್ಲಿ ತೋರಾ ಅನ್ನುವ ಧರ್ಮಗ್ರಂಥ ಓದುವುದು ಸೋಮವಾರ, ಗುರುವಾರ, ಶನಿವಾರ. ಅಂಥ ಒಂದು ದಿನ ಅಪ್ಪ ಹೋಗಿ, ತೋರಾ ಮುಂದೆ ನಿಂತು ಹೆಸರು ಹೇಳಿಸಿ ಬರುತ್ತಿದ್ದ. ತಾಯಿ ಮಗು ಮನೆಯಲ್ಲೇ. ಮುಗಿಯಿತು ನಾಮಕರಣ! ಮಗನಿಗೆ ಅಷ್ಟು ಸಡಗರ, ಮಗಳಿಗೆ ಇಷ್ಟೇನಾ ಅಂತ ಅಮೆರಿಕದ ಯಹೂದಿ ಹೆಂಗಸರು ಕೇಳಿದ ಮೇಲೆ, 1970ರ ದಶಕದಿಂದ ಈ ಮನೆಯ ಶಾಸ್ತ್ರ ಹರಡಿತು. ಹೊಸದಾದ್ದರಿಂದ ಇಂಥದೇ ಮಂತ್ರ, ಇಂಥದೇ ಕ್ರಮ ಅಂತ ಗಟ್ಟಿ ಇಲ್ಲ. ಒಂದೊಂದು ಮನೆಯವರು ಒಂದೊಂದು ಥರ ಹೊಂದಿಸಿಕೊಂಡು, ಹಾಳೆ ಪ್ರಿಂಟ್ ಹಾಕಿಸಿ ಹಂಚುತ್ತಾರೆ. ನಿಮಗೆ ಜಾಗ ಸಿಗುವುದು ಇಲ್ಲೇ.

ನಮ್ಮ ಮನೆಯಲ್ಲಿ ಹೀಗಾಯಿತು. ನಾಲ್ಕು ಸ್ನೇಹಿತರು ತಾಲಿತ್, ಅಂದರೆ ಪ್ರಾರ್ಥನೆಯ ಶಾಲು, ನಾಲ್ಕು ಮೂಲೆ ಹಿಡಿದು ಚಪ್ಪರದಂತೆ ನಿಂತರು. ಬಾಗಿಲಿಂದ ಕೂಸನ್ನು ಒಬ್ಬರ ಕೈಯಿಂದ ಒಬ್ಬರ ಕೈಗೆ ದಾಟಿಸುತ್ತಾ ತಂದರು. ದ್ರಾಕ್ಷಿರಸದ ಮೇಲೆ ಒಂದು ಪ್ರಾರ್ಥನೆ, ಖಾಲಾ ಅನ್ನುವ ಹೆಣೆದ ಬ್ರೆಡ್ಡಿನ ಮೇಲೆ ಒಂದು. ಈ ದಿನದವರೆಗೆ ನಮ್ಮನ್ನು ಉಳಿಸಿದೆಯಲ್ಲ ದೇವರೇ ಅಂತ ಇನ್ನೊಂದು. ಆಮೇಲೆ ಹೆಸರು. ಹೆಸರಿನಲ್ಲಿ ಎಷ್ಟು ಹೀಬ್ರೂ ಅಕ್ಷರ ಇವೆಯೋ ಅಷ್ಟು ಜನ ಸ್ನೇಹಿತರು, ಒಬ್ಬೊಬ್ಬರು ಒಂದೊಂದು ಅಕ್ಷರದ ಸಾಲು ಓದಿದರು. ಅವರ ಗ್ರಂಥದ 119ನೇ ಕೀರ್ತನೆಯಲ್ಲಿ ಹೀಬ್ರೂವಿನ 22 ಅಕ್ಷರಕ್ಕೆ ಎಂಟೆಂಟರಂತೆ 176 ಸಾಲುಗಳಿವೆ, ಅದರಿಂದ ಆರಿಸುತ್ತಾರೆ. ಕೊನೆಗೆ, ಕೂಸು ತೋರಾ ಕಲಿಯಲಿ, ಮದುವೆಯ ಚಪ್ಪರ ಕಾಣಲಿ, ಒಳ್ಳೆ ಕೆಲಸ ಮಾಡಲಿ ಅಂತ ಎಲ್ಲರೂ ಹರಸಿದರು.

ನೀವು ಏನು ಮಾಡಬಹುದು ಅಂತ ಕೇಳಿದಿರಿ. ಕೆಲವರು ಕೂಸಿನ ಕಾಲು ತೊಳೆಯುತ್ತಾರೆ. ಅಬ್ರಹಾಮ ಬಿಸಿಲಲ್ಲಿ ಬಂದ ಮೂವರು ಅತಿಥಿಗಳಿಗೆ ಕಾಲಿಗೆ ನೀರು ಕೊಟ್ಟ ಕತೆ ಅವರ ಗ್ರಂಥದಲ್ಲಿದೆ. ಈ ಕೂಸೂ ಮನೆಗೆ ಹೊಸದಾಗಿ ಬಂದ ಅತಿಥಿ ಅಂತ. ಅಕ್ಕಾರ, ಬಂದವರಿಗೆ ಕಾಲಿಗೆ ನೀರು ಕೊಡುವುದನ್ನು ನಮಗೆ ಯಾರಾದರೂ ಹೇಳಿಕೊಡಬೇಕಾ? ಆ ಕೆಲಸ ನನಗೆ ಕೊಡಿ ಅಂತ ಕೇಳಿ ನೋಡಿ.

ತಾಯಿಯ ಪ್ರಶ್ನೆ. ಹಳೇ ಕಾನೂನಿನಂತೆ ತಾಯಿ ಯಹೂದಿಯಾದರೆ ಮಾತ್ರ ಮಗು ಯಹೂದಿ. ಆರ್ಥೊಡಾಕ್ಸ್, ಕನ್ಸರ್ವೇಟಿವ್ ಪಂಥದವರು ಈಗಲೂ ಹಾಗೇ ಅನ್ನುತ್ತಾರೆ. ಅಮೆರಿಕದ ರಿಫಾರ್ಮ್ ಪಂಥದ ರಬ್ಬಿಗಳು, ಅಂದರೆ ಧರ್ಮಗುರುಗಳು, 1983ರಲ್ಲಿ, ಅಪ್ಪ ಯಹೂದಿಯಾಗಿದ್ದು ಮಗುವನ್ನು ಹಾಗೇ ಬೆಳೆಸಿದರೂ ಸರಿ ಅಂತ ತೀರ್ಮಾನ ಮಾಡಿದರು. ನಿಮ್ಮ ಕಡೆ ಬರುವವರು ರಿಫಾರ್ಮ್ ರಬ್ಬಿ ಇರಬಹುದು. ಹೆಂಗಸೇ ಇದ್ದರೂ ಆಶ್ಚರ್ಯ ಬೇಡ. ಸ್ಯಾಲಿ ಪ್ರೀಸಾಂಡ್ 1972ರಲ್ಲೇ ಅಮೆರಿಕದಲ್ಲಿ ರಬ್ಬಿಯಾದರು. ಆದರೆ ಆ ಮಡಿ ದೊಡ್ಡಮ್ಮನ ಲೆಕ್ಕದಲ್ಲಿ ಮಗು ಯಹೂದಿ ಆಗುವುದಿಲ್ಲ. ಅದನ್ನು ಅವರು ಬಾಯಿಬಿಟ್ಟು ಹೇಳಲಿಕ್ಕಿಲ್ಲ. ನೀವೂ ಕೆದಕಬೇಡಿ.

ಟೀನೆಕ್ ರಾಜು:

ಅಮ್ಮಾ, ಊಟ ಮತ್ತು ದುಡ್ಡಿನ ಬಗ್ಗೆ ನಾನು ಹೇಳುತ್ತೇನೆ. ಯಾಕೆಂದರೆ ಮಾಡಬಾರದ್ದನ್ನೆಲ್ಲ ಒಂದೇ ದಿನ ಮಾಡಿದವನು ನಾನು.

ಆಫೀಸಿನ ಗೆಳೆಯ, ಪಕ್ಕಾ ಆರ್ಥೊಡಾಕ್ಸ್. ಮಗಳು ಹುಟ್ಟಿದ ಖುಷಿಗೆ ಶನಿವಾರ ಸಿನಗಾಗ್ ಮುಗಿಸಿ ಮನೆಯಲ್ಲಿ ಊಟ ಇಟ್ಟಿದ್ದ. ನಾನು ಹೋಗಿ ಕಾಲಿಂಗ್ ಬೆಲ್ ಒತ್ತಿದೆ. ಶನಿವಾರ ಅವರಿಗೆ ಶಬ್ಬಾತ್, ಅಂದರೆ ವಾರದ ವಿಶ್ರಾಂತಿಯ ದಿನ. ಅವತ್ತು ಕರೆಂಟಿನದು ಯಾವುದನ್ನೂ ಮುಟ್ಟುವುದಿಲ್ಲ. ಬಾಗಿಲು ತೆರೆದೇ ಇತ್ತು, ನಾನೇ ನೋಡಲಿಲ್ಲ. ಒಳಗೆ ಹೋಗಿ 101 ಡಾಲರ್ ಇಟ್ಟ ಕವರ್ ಕೊಡಲು ಹೋದೆ. ಶಬ್ಬಾತ್ ದಿನ ದುಡ್ಡು ಮುಟ್ಟುವುದಿಲ್ಲ. ಕೂಸಿನ ಫೋಟೋ ತೆಗೆಯಲು ಫೋನ್ ಎತ್ತಿದೆ. ಅದೂ ಇಲ್ಲ. ಕೊನೆಗೆ ಹೆಂಡತಿ ರಾತ್ರಿಯೆಲ್ಲ ಕೂತು ಮಾಡಿದ ಮೈಸೂರು ಪಾಕ್ ಡಬ್ಬಿಯನ್ನು ಟೇಬಲ್ ಮಧ್ಯೆ ಇಟ್ಟೆ. ಪಕ್ಕದಲ್ಲೇ ಮಾಂಸದ ಸಾರು. ಮೈಸೂರು ಪಾಕ್ ಅಂದರೆ ತುಪ್ಪ, ತುಪ್ಪ ಅಂದರೆ ಹಾಲು, ಅವರಲ್ಲಿ ಸೇರಬಾರದ ಹಾಲೂ ಮಾಂಸವೂ ಒಂದೇ ಟೇಬಲ್ ಮೇಲೆ! ಗೆಳೆಯ ಏನೂ ಅನ್ನಲಿಲ್ಲ. ಮೆತ್ತಗೆ ನನ್ನ ಕೈಗೇ ಡಬ್ಬಿ ವಾಪಸ್ ಕೊಟ್ಟು, "ಸೋಮವಾರ ಆಫೀಸಿಗೆ ತಾ, ಬೇರೆಯವರಿಗೆ ಹಂಚೋಣ" ಅಂದ. ಹೆಂಡತಿ ನನ್ನ ಜೊತೆ ಮಾತಾಡಿದ್ದು ಮಂಗಳವಾರ.

ನಿಮ್ಮದು ಭಾನುವಾರ, ಅರ್ಧ ತಲೆನೋವು ಹೋಯಿತು. ಆದರೂ ದೊಡ್ಡಮ್ಮನಿಗೆ ಮನೆಯಲ್ಲಿ ಮಾಡಿದ ಯಾವುದನ್ನೂ ಬಲವಂತ ಮಾಡಬೇಡಿ. ಕೋಷರ್ ಅಂದರೆ ಬರೀ ಸಸ್ಯಾಹಾರ ಅಲ್ಲ, ಪಾತ್ರೆ, ಒಲೆ ಎಲ್ಲದರ ಲೆಕ್ಕ ಇದೆ. ಸುಲಿಯದ ಬಾಳೆಹಣ್ಣು, ಕಿತ್ತಳೆ, ಪೇಪರ್ ತಟ್ಟೆ, ಅಷ್ಟು ಸಾಕು. ಅಂಗಡಿಯ ಪೊಟ್ಟಣ ತರುವುದಾದರೆ ವೃತ್ತದೊಳಗೆ ಇಂಗ್ಲಿಷಿನ ಯು ಅಕ್ಷರದ ಗುರುತು ಇದೆಯಾ ನೋಡಿ. ಪಕ್ಕದಲ್ಲಿ ಡಿ ಇದ್ದರೆ ಹಾಲಿನದು ಅಂತ ಅರ್ಥ.

ದುಡ್ಡು 101 ಬೇಡ. ಅವರಿಗೆ ಶುಭ ಅಂದರೆ 18. ಹೀಬ್ರೂನಲ್ಲಿ ಜೀವ ಅನ್ನುವ ಪದಕ್ಕೆ ಎರಡೇ ಅಕ್ಷರ. ಒಂದರ ಬೆಲೆ 8, ಇನ್ನೊಂದರದ್ದು 10. ಅದಕ್ಕೆ 18, 36, 54 ಹೀಗೆ ಕೊಡುತ್ತಾರೆ. ನೀವು ಗಣಿತದ ಮೇಡಂ ಅಲ್ವಾ, ಇದನ್ನು ನೋಡಿ: ಹದಿನೆಂಟು ಆರಲೆ ನೂರಾ ಎಂಟು. 108 ಡಾಲರ್ ಕೊಟ್ಟುಬಿಡಿ. ಅವರಿಗೂ ಶುಭ, ನಮಗೂ ಶುಭ.

ಗಾಂಧಿಬಜಾರ್:

ಅಲ್ಲ ಮೇಡಂ, 11ನೇ ದಿನ ತೊಟ್ಟಿಲಿಗೆ ಹಾಕಿ, ಕಿವಿಯಲ್ಲಿ ಮೂರು ಸಲ ಹೆಸರು ಹೇಳಿದ್ದರೆ ಮುಗಿಯುತ್ತಿತ್ತು. ಇದೆಲ್ಲ ಯಾಕೆ? ಎರಡು ದೋಣಿಯಲ್ಲಿ ಕಾಲಿಟ್ಟರೆ ಏನಾಗುತ್ತೆ ಅಂತ ದೊಡ್ಡವರು ಹೇಳಿದ್ದಾರೆ.

ಕುವೆಂಪುನಗರದ ಅಜ್ಜಿ:

ಗಾಂಧಿಬಜಾರ್ ಅವರೇ, 11ನೇ ದಿನ ನನ್ನ ಮಗಳು ಸಿಸೇರಿಯನ್ ಹೊಲಿಗೆಯ ನೋವಿನಲ್ಲಿ ಮಗ್ಗುಲು ಬದಲಾಯಿಸಲಾರದೆ ಮಲಗಿದ್ದಳು. ಅವತ್ತು ನಾನು ಮಾಡಿದ್ದು ಗಂಜಿ. ಕೂಸಿಗೆ ಇನ್ನೂ ಕತ್ತೇ ನಿಂತಿಲ್ಲ. ದೋಣಿ ಹತ್ತುವಾಗ ನೋಡಿಕೊಳ್ಳೋಣ.

ರಾಜು, ಹದಿನೆಂಟರ ಮಗ್ಗಿಗೆ ನೂರಕ್ಕೆ ನೂರು. ಅಕ್ಷರಕ್ಕೆ ಅಂಕಿ ಅಂದರೆ ನಮ್ಮ ಕಟಪಯಾದಿಯ ಹಾಗೇ ಅಲ್ವಾ? ಇಷ್ಟು ದಿನ ಅಳಿಯ ಇದನ್ನು ನನಗೆ ಹೇಳಲೇ ಇಲ್ಲ!

ಪೇಡೆ, ಫೋನ್ ಮಾಡಿದೆ. ಮೊದಲು ಇಬ್ಬರೂ ಸುಮ್ಮನಿದ್ದೆವು. ಆಮೇಲೆ ನಿಮ್ಮ ಮಾತನ್ನೇ ಹೇಳಿದೆ. ಅವರು ನಕ್ಕರು. ಕೂಸು ಹುಟ್ಟುವ ಮುಂಚೆ ಒಂದು ಜೊತೆ ಕಾಲುಚೀಲ ಕೂಡ ತರಲು ಬಿಟ್ಟಿರಲಿಲ್ಲವಂತೆ ಆಕೆ. ತೊಟ್ಟಿಲು ಅಂಗಡಿಯಲ್ಲೇ ಇರಲಿ, ಹುಟ್ಟಿದ ಮೇಲೆ ತರೋಣ ಅಂತ ಮಗನ ಜೊತೆ ಜಗಳ. ಅಯ್ಯೋ, ನಮ್ಮಜ್ಜಿ ಹೇಳುತ್ತಿದ್ದುದೂ ಅದೇ ಅಂದೆ. ಅರ್ಧ ಗಂಟೆ ಮಾತಾಡಿದೆವು, ಎಲ್ಲ ದೃಷ್ಟಿ ವಿಷಯ.

ಅಷ್ದೋದ್‌ನಿಂದ ಕುಂದಾಪ್ರದವಳು:

ನಾನು ಇಸ್ರೇಲಿನ ಅಷ್ದೋದ್‌ನಲ್ಲಿ ವಯಸ್ಸಾದ ಒಬ್ಬ ಅಜ್ಜಿಯನ್ನು ನೋಡಿಕೊಳ್ಳುವ ಕೆಲಸದಲ್ಲಿದ್ದೇನೆ. ನಮ್ಮ ಕರಾವಳಿಯವರು ಈ ಕೆಲಸಕ್ಕೆ ಇಲ್ಲಿ ಸುಮಾರು ಜನ ಇದ್ದೇವೆ. ನನ್ನ ಅಜ್ಜಿ ಬೆನೆ ಇಸ್ರೇಲ್, ಅಂದರೆ ನಮ್ಮ ಕೊಂಕಣ ತೀರದ ಯಹೂದಿ. ಹುಟ್ಟಿದ್ದು ಅಲಿಬಾಗ್ ಕಡೆ. ಅವರು ಮರಾಠಿ ಮಾತಾಡುತ್ತಾರೆ, ನಾನು ಮನೆಯ ಕೊಂಕಣಿ. ಹೀಬ್ರೂ ಬರುವ ಮೊದಲೇ ನಮ್ಮಿಬ್ಬರಿಗೆ ಜಗಳ ಆಡುವಷ್ಟು ಭಾಷೆ ಇತ್ತು ಮಾರಾಯ್ರೆ.

ಹೋದ ವರ್ಷ ಅಜ್ಜಿಯ ಮರಿಮಗಳಿಗೆ ಹೆಸರಿಟ್ಟರು. ಇಲ್ಲಿ ಇದಕ್ಕೆ ಝೆವೆದ್ ಹಬಾತ್ ಅನ್ನುತ್ತಾರೆ, ಮಗಳೆಂಬ ಉಡುಗೊರೆ ಅಂತ. ಹುಡುಗಿಯ ಅಪ್ಪನ ಕಡೆಯವರು ಮೊರಾಕೊದಿಂದ ಬಂದವರು. ರಬ್ಬಿ ಹಾಡಿದ ಸಾಲನ್ನು ಅಜ್ಜಿ ನನಗೆ ಬಿಡಿಸಿ ಹೇಳಿದರು: ಬಂಡೆಯ ಸಂದಿನಲ್ಲಿ ಅಡಗಿದ ನನ್ನ ಪಾರಿವಾಳವೇ, ನಿನ್ನ ಮುಖ ತೋರಿಸು, ನಿನ್ನ ದನಿ ಕೇಳಿಸು. ಅವರ ಗ್ರಂಥದ ಪರಮಗೀತ ಅನ್ನುವ ಭಾಗದ್ದು. ಹೆಸರು ಇಟ್ಟದ್ದು ಮೊರಾಕೊದ ಅಜ್ಜಿಯದ್ದೇ, ಆಕೆ ಮೊದಲ ಸಾಲಿನಲ್ಲಿ ಕೂತು ಕಣ್ಣೊರೆಸಿಕೊಳ್ಳುತ್ತಿದ್ದರು. ಪೇಡೆಯವರು ಹೇಳಿದ ಸೆಫಾರ್ದಿ ಕ್ರಮ ಇದೇ ಇರಬೇಕು.

ನಾನು ಹೇಳಬೇಕೆಂದದ್ದು ತಿಂಡಿಯ ವಿಷಯ. ಬೆನೆ ಇಸ್ರೇಲ್‌ನವರು ಶುಭ ಕೆಲಸಕ್ಕೆಲ್ಲ ಮಲಿದಾ ಮಾಡುತ್ತಾರೆ. ಎಲಿಯಾಹು ಪ್ರವಾದಿಯ ಹೆಸರಿನಲ್ಲಿ ಪ್ರಾರ್ಥನೆ ಮಾಡಿ ಹಂಚುವುದು. ಮೊದಲ ಸಲ ತಟ್ಟೆ ನೋಡಿದಾಗ ನಾನು ನಕ್ಕುಬಿಟ್ಟೆ. ನೆನೆಸಿದ ಅವಲಕ್ಕಿ, ತೆಂಗಿನ ತುರಿ, ಸಿಹಿ, ಏಲಕ್ಕಿ, ಮೇಲೆ ಬಾದಾಮಿ ಚೂರು, ಸುತ್ತ ಹಣ್ಣು. ನಮ್ಮ ಅವಲಕ್ಕಿ ಪಂಚಕಜ್ಜಾಯವೇ! ಬೆಲ್ಲ ಹಾಕಿದರೆ ಒಳ್ಳೇದು ಅಂತ ಅಜ್ಜಿಗೆ ಹೇಳಿದೆ. "ನೀನು ನನಗೆ ಕಲಿಸುತ್ತೀಯಾ" ಅಂತ ಬೈದರು, ಆಮೇಲೆ ಬೆಲ್ಲವನ್ನೇ ಹಾಕಿಸಿದರು.

ಇದರಲ್ಲಿ ತುಪ್ಪ ಇಲ್ಲ, ಹಾಲಿಲ್ಲ. ಮಾಂಸದ ಊಟವಾದರೂ ಸೈ, ಹಾಲಿನ ಊಟವಾದರೂ ಸೈ. ನೀವು ಎಡಿಸನ್ ಪಕ್ಕ ಇದ್ದೀರಲ್ಲ, ಓಕ್ ಟ್ರೀ ರೋಡಿನಲ್ಲಿ ಅವಲಕ್ಕಿ ಸಿಗುತ್ತದೆ. ಮೈಸೂರು ಪಾಕ್ ಕನಸು ಬಿಡಿ.

ಕುವೆಂಪುನಗರದ ಅಜ್ಜಿ:

ಆಯಿತಮ್ಮಾ, ನಿನ್ನೆ ಆಯಿತು. ಎಲ್ಲರೂ ಅಷ್ಟು ಹೇಳಿಕೊಟ್ಟಿರಿ, ಹೇಗಾಯಿತು ಅಂತ ಬರೆಯದಿದ್ದರೆ ಆಗುತ್ತಾ? ಕೂಸು ಮಲಗಿದೆ, ಬರೆದುಬಿಡುತ್ತೇನೆ.

ಶುಕ್ರವಾರ ಮಗಳು ಒಂದು ಸಾಲು ಕೊಟ್ಟು ಕನ್ನಡದಲ್ಲಿ ಬರೆದುಕೊಡು ಅಂದಳು. ಅವಳ ಜೊತೆ ಓದಿದ ಹಾಸನದ ಹುಡುಗಿ ಅದನ್ನು ಓದುತ್ತಾಳಂತೆ. "ನಿನ್ನ ಕೈಗಳೇ ನನ್ನನ್ನು ಮಾಡಿದವು, ನನ್ನನ್ನು ರೂಪಿಸಿದವು" ಅಂತ ಬರೆದುಕೊಟ್ಟೆ. ಅಳಿಯ ಎಂಟು ಪುಟದ ಹಾಳೆ ಪ್ರಿಂಟ್ ಹಾಕಿಸಿಕೊಂಡು ಬಂದ. ಹೀಬ್ರೂ ಚೆನ್ನಾಗಿ ಬಂದಿದೆ, ಇಂಗ್ಲಿಷ್ ಚೆನ್ನಾಗಿ ಬಂದಿದೆ. ಕನ್ನಡದ ಒತ್ತಕ್ಷರಗಳೆಲ್ಲ ಕಳಚಿಕೊಂಡು ಪಕ್ಕಕ್ಕೆ ಬಿದ್ದಿವೆ. ನಿನ್ನ ಅನ್ನುವುದರ ನಕಾರದ ಒತ್ತು ಎಲ್ಲೋ, ಅಕ್ಷರ ಎಲ್ಲೋ. ಅದನ್ನು ನೋಡಿಕೊಂಡು ಸುಮ್ಮನಿರಲು ನನಗಾಗಲಿಲ್ಲ. ಶನಿವಾರ ರಾತ್ರಿ ಕೂತು 35 ಹಾಳೆಯ ಮೇಲೂ ಬಿಳಿ ಚೀಟಿ ಅಂಟಿಸಿ, ಕೈಯಲ್ಲೇ ಬರೆದೆ. ಬೋರ್ಡಿನ ಮೇಲೆ ಬರೆದ ಕೈ, ಅಕ್ಷರ ಇನ್ನೂ ನೆಟ್ಟಗಿದೆ.

ರಬ್ಬಿ ಹೆಂಗಸೇ. ನನ್ನಷ್ಟೇ ಕುಳ್ಳಗೆ. ಬಾಗಿಲಿಂದ ಕೂಸನ್ನು ಎತ್ತಿಕೊಂಡು ಬಂದಿದ್ದು ಅಳಿಯನ ತಂಗಿ. ಹಾಗೆ ತರುವವಳಿಗೆ ಕ್ವಾಟರಿನ್ ಅನ್ನುತ್ತಾರಂತೆ. ನಾನು, "ನಮ್ಮಲ್ಲೂ ಹೆಸರಿಡುವ ದಿನ ಸೋದರತ್ತೆಯದೇ ಜೋರು, ಉಡುಗೊರೆ ಕೊಡದಿದ್ದರೆ ಹೆಸರು ಹೇಳುವುದಿಲ್ಲ" ಅಂದೆ. ಆ ಹುಡುಗಿ ತಕ್ಷಣ ಅಣ್ಣನ ಕಡೆ ಕೈ ಚಾಚಿದಳು. ನಾಲ್ಕು ಸ್ನೇಹಿತರು ಶಾಲು ಹಿಡಿದರು. ಅಳಿಯನ ತಾತನದಂತೆ, ಅಂಚು ಹಳದಿಯಾಗಿತ್ತು. ಅದರಲ್ಲಿ ಒಬ್ಬ ಬಲು ಎತ್ತರ, ಒಬ್ಬಳು ಗಿಡ್ಡ. ಚಪ್ಪರ ಒಂದು ಕಡೆ ವಾಲಿಕೊಂಡೇ ಇತ್ತು.

ಕಾಲು ತೊಳೆಯುವ ಕೆಲಸ ಕೇಳಿದ್ದೆ, ಕೊಟ್ಟರು. ಊರಿಂದ ತಂದ ತಾಮ್ರದ ತಂಬಿಗೆ. ನೀರನ್ನು ಮೊಣಕೈಗೆ ಮುಟ್ಟಿಸಿ ನೋಡಿದೆ. ಬೀಗಿತ್ತಿ ಬೇಸಿನ್ ಹಿಡಿದರು, ನಾನು ಹನಿಹನಿಯಾಗಿ ಹುಯ್ದೆ. ಅಲ್ಲಿಯವರೆಗೆ ಕಿರುಚುತ್ತಿದ್ದ ಕೂಸು ಗಪ್‌ಚಿಪ್. ದಿನಾ ನನ್ನ ಕಾಲ ಮೇಲೆ ಮಲಗಿ ನೀರು ಹಾಕಿಸಿಕೊಳ್ಳುವುದಲ್ವಾ, ನೀರು ಬಿತ್ತು ಅಂದರೆ ಮುಂದೆ ನಿದ್ದೆ ಅಂತ ಅದಕ್ಕೆ ಗೊತ್ತು. ಕಾಲು ಒರೆಸುವಷ್ಟರಲ್ಲಿ ಕಣ್ಣು ಮುಚ್ಚಿತು. ತನ್ನ ಹೆಸರು ಹೇಳುವಾಗ ಮಹಾರಾಯಗಿತ್ತಿ ಎಚ್ಚರವಾಗಿರಲೇ ಇಲ್ಲ.

ಹೆಸರು ಶಿರಾ. ಹೀಬ್ರೂನಲ್ಲಿ ಹಾಡು ಅಂತ ಅರ್ಥ. ಬೀಗಿತ್ತಿಯ ತಾಯಿ ಶರ್ಲಿ, ನನ್ನ ತಾಯಿ ಶಾರದಮ್ಮ. ಇಬ್ಬರ ಮೊದಲಕ್ಷರವೂ ಶ. ಮಗಳು ಅವತ್ತು ಕೇಳಿದ್ದು ಅದಕ್ಕೇ. ಅಮ್ಮ ಹೋಗಿ ಎರಡು ವರ್ಷ ಆಯಿತು. ಮಗಳು ಎದ್ದು ನಿಂತು, ನಮ್ಮ ಅಜ್ಜಿ ದಿನಾ ಸಂಜೆ ಹಿತ್ತಲಲ್ಲಿ ಬಟ್ಟೆ ಮಡಿಸುತ್ತಾ ದೇವರನಾಮ ಹೇಳಿಕೊಳ್ಳುತ್ತಿದ್ದಳು, ಅದಕ್ಕೇ ಹಾಡು ಅನ್ನುವ ಹೆಸರು ಅಂದಳು. ನನಗೆ ಆ ಬಟ್ಟೆ ಬುಟ್ಟಿ ಕಣ್ಣ ಮುಂದೆ ಬಂತು. ಬೀಗಿತ್ತಿ ನನ್ನ ಕೈ ಹಿಡಿದುಕೊಂಡಿದ್ದರು. ಆಕೆಗೆ ಹಾಳೆಯ ಮೇಲಿನ ನಾಲ್ಕು ಅಕ್ಷರ ನೋಡಿಯೇ ಗೊತ್ತಾಗಿತ್ತು ಅನಿಸುತ್ತದೆ. ಹಾಸನದ ಹುಡುಗಿ ಎರಡನೇ ಅಕ್ಷರದ ಸಾಲನ್ನು ಕನ್ನಡದಲ್ಲಿ ಓದಿದಳು. 35 ಜನರಲ್ಲಿ ಅರ್ಥವಾದದ್ದು ಮೂರೇ ಜನಕ್ಕೆ. ಆದರೂ ಎಲ್ಲರೂ ಆಮೆನ್ ಅಂದರು.

ಊಟಕ್ಕೆ ಬೇಗಲ್, ಕ್ರೀಮ್ ಚೀಸ್, ಹಸಿ ಮೀನಿನ ತೆಳು ಹಾಳೆಗಳು. ಅದರ ವಾಸನೆ ಬಗ್ಗೆ ನಾನು ಮಾತಾಡುವುದಿಲ್ಲ. ಅವಲಕ್ಕಿ ಪಂಚಕಜ್ಜಾಯ ಎರಡು ಸೇರು ಮಾಡಿದ್ದೆ, ತಳ ಕಂಡಿತು. ಕುಂದಾಪ್ರದವಳಿಗೆ ನೂರು ವರ್ಷ ಆಯಸ್ಸು. ಮಡಿ ದೊಡ್ಡಮ್ಮ ಬಂದರು. ಮೂಲೆಯ ಕುರ್ಚಿ, ಪೇಪರ್ ತಟ್ಟೆ, ಎರಡು ಬಾಳೆಹಣ್ಣು. ಪ್ರಾರ್ಥನೆಗೆ ತುಟಿ ಅಲ್ಲಾಡಿಸಲಿಲ್ಲ. ಹೊರಡುವಾಗ ಕೂಸಿನ ಹಣೆ ನೋಡಿ, ನಾನಿಟ್ಟ ದೃಷ್ಟಿಬೊಟ್ಟನ್ನು ತೋರಿಸಿ ಇದೇನು ಅಂತ ಕೇಳಿದರು. ಕೆಟ್ಟ ಕಣ್ಣಿಗೆ ಅಂದೆ. ತಲೆದೂಗಿ, "ಇನ್ನೂ ದೊಡ್ಡದಿಡು" ಅಂದರು.

108 ಡಾಲರ್ ಕೊಟ್ಟೆ. ಅಳಿಯ ಎಣಿಸಿ, ಒಂದು ನಿಮಿಷ ತಡೆದು, "ಅತ್ತೆ! ಸಿಕ್ಸ್ ಟೈಮ್ಸ್!" ಅಂತ ಕೂಗಿದ.

ತುಮಕೂರಿನ ತಂಗಿಗೆ ಫೋನ್ ಮಾಡಿ ಹೆಸರು ಹೇಳಿದರೆ, "ಶಿರಾನಾ? ನಮ್ಮ ಜಿಲ್ಲೆ ಶಿರಾನಾ? ಬಸ್ ಸ್ಟ್ಯಾಂಡ್ ಹೆಸರು ಇಟ್ಟಿದ್ದೀರಲ್ಲೇ" ಅಂದಳು.

ಧಾರವಾಡ ಪೇಡೆ:

ಅಕ್ಕಾರ, ಕಣ್ಣಲ್ಲಿ ನೀರು ಬಂತು, ಆಮೇಲೆ ನಗು ಬಂತು. ನಮ್ಮ ಧಾರವಾಡ ಕಡೆ ಶಿರಾ ಅಂದರೆ ಏನು ಗೊತ್ತಾ? ನಿಮ್ಮ ಕೇಸರಿಬಾತ್! ಇನ್ನು ಹೀಬ್ರೂನಲ್ಲಿ ಪೂರ್ತಿ ಹೆಸರು ಹೇಳುವಾಗ ಇಂಥವರ ಮಗಳು ಅಂತ ಸೇರಿಸಿ ಹೇಳುತ್ತಾರಲ್ಲ. ರಬ್ಬಿ ನಿನ್ನೆ ಹೇಗೆ ಕರೆದರು ನೆನಪಿದೆಯಾ?

ಕುವೆಂಪುನಗರದ ಅಜ್ಜಿ:

ಶಿರಾ ಬಾತ್... ಅಯ್ಯೋ ರಾಮ! ತಡಿ, ಅಳಿಯನನ್ನು ಎಬ್ಬಿಸಿ ಹೇಳುತ್ತೇನೆ.